ಕೊಡಗಿನಿಂದ ಹೊರದೇಶಕ್ಕೆ ಕಮ್ಯುನಿಕೇಶನ್ ಎಂಎ: ಎಲ್ಲಿಂದ ಶುರು ಮಾಡಬೇಕು, ಯಾವಾಗ ಏನು ಮಾಡಬೇಕು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ವರ್ಷಕ್ಕೆ ನಾಲ್ಕೈದು ಮಕ್ಕಳಾದರೂ ಈ ವಿಷಯ ಕೇಳಿಕೊಂಡು ನನ್ನ ಹತ್ತಿರ ಬರುತ್ತಾರೆ. ಕೆಲವರದ್ದು ಬಿಎ ಜರ್ನಲಿಸಂ ಮುಗಿದಿರುತ್ತದೆ. ಇನ್ನು ಕೆಲವರು ಬಿಕಾಂ ಮಾಡಿ, ಬೆಂಗಳೂರಿನಲ್ಲಿ ಎರಡು ವರ್ಷ ಯಾವುದೋ ಕಂಪನಿಯ ಸೋಶಿಯಲ್ ಮೀಡಿಯಾ ನೋಡಿಕೊಂಡಿರುತ್ತಾರೆ. "ಅಕ್ಕ, ಹೊರಗೆ ಹೋಗಿ ಮಾಸ್ಟರ್ಸ್ ಮಾಡಬೇಕು, ಯಾವ ದೇಶ ಒಳ್ಳೆಯದು?" ಇದೇ ಮೊದಲ ಪ್ರಶ್ನೆ. ದೇಶದ ಮಾತು ಆಮೇಲೆ, ಮೊದಲು ನಿನಗೆ ಏನು ಓದಬೇಕು ಹೇಳು ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ. ಯಾರೂ ಅವರನ್ನು ಹಾಗೆ ಕೇಳಿರುವುದಿಲ್ಲ.

ನಾನು ಅಮ್ಮತ್ತಿ ಹತ್ತಿರದ ಒಂದು ಸಣ್ಣ ತೋಟದ ಮನೆಯಿಂದ ಹೋಗಿ, ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎ ಮಾಡಿ ವಾಪಸ್ ಬಂದವಳು. ಬೆಂಗಳೂರಿನ ಮಕ್ಕಳಿಗೆ ಇರದ ಕೆಲವು ತೊಡಕು ನಮಗಿವೆ, ಅವರಿಗೆ ಇರದ ಕೆಲವು ಅನುಕೂಲವೂ ನಮಗಿವೆ. ಎರಡನ್ನೂ ಇಟ್ಟುಕೊಂಡು, ನಮ್ಮ ಮಳೆಗಾಲ, ಕಾಫಿ ಕುಯ್ಲಿನ ಲೆಕ್ಕಕ್ಕೆ ಹೊಂದುವ ಹಾಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾವ ಕಮ್ಯುನಿಕೇಶನ್?

ಕಮ್ಯುನಿಕೇಶನ್ ಅಂದ ತಕ್ಷಣ ಮನೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನೆನಪಾಗುತ್ತದೆ. ಅದಲ್ಲ ಅಂತ ಮೊದಲೇ ಬಿಡಿಸಿ ಹೇಳಿ, ಯಾಕೆಂದರೆ ಮುಂದೆ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ಅದನ್ನು ವಿವರಿಸುವವರು ಅವರೇ.

ಈ ಒಂದು ಹೆಸರಿನ ಕೆಳಗೆ ಎರಡು ಮೂರು ಬಗೆಯ ಓದು ಇದೆ. ಒಂದು ಕೈಕೆಲಸದ ಓದು: ಪತ್ರಿಕೋದ್ಯಮ, ಪಬ್ಲಿಕ್ ರಿಲೇಶನ್ಸ್, ಜಾಹೀರಾತು, ಡಾಕ್ಯುಮೆಂಟರಿ. ಇಲ್ಲಿ ವರದಿ ಬರೆಯಬೇಕು, ಶೂಟ್ ಮಾಡಬೇಕು, ಕ್ಯಾಂಪೇನ್ ಕಟ್ಟಬೇಕು. ಇನ್ನೊಂದು ವಿಚಾರದ ಓದು: ಜನ ಸುದ್ದಿಯನ್ನು ಹೇಗೆ ನಂಬುತ್ತಾರೆ, ಮೊಬೈಲ್ ಬಂದ ಮೇಲೆ ಊರಿನ ರಾಜಕೀಯ ಹೇಗೆ ಬದಲಾಯಿತು, ಟಿವಿಯಲ್ಲಿ ಯಾರ ಮಾತು ಕೇಳಿಸುತ್ತದೆ, ಯಾರದ್ದು ಕೇಳಿಸುವುದಿಲ್ಲ. ಇಲ್ಲಿ ವಾರವೆಲ್ಲ ಓದುವುದು, ಬರೆಯುವುದು, ಚರ್ಚೆ ಮಾಡುವುದು. ಇವೆರಡರ ನಡುವೆ ಹೆಲ್ತ್ ಕಮ್ಯುನಿಕೇಶನ್, ಡೆವಲಪ್‌ಮೆಂಟ್ ಕಮ್ಯುನಿಕೇಶನ್, ಸ್ಟ್ರಾಟೆಜಿಕ್ ಕಮ್ಯುನಿಕೇಶನ್ ಅಂತ ಇವೆ. ಸ್ವಲ್ಪ ಸಂಶೋಧನೆ, ಸ್ವಲ್ಪ ಕೆಲಸ.

ಕ್ಯಾಮೆರಾ ಹಿಡಿಯುವ ಆಸೆಯಿಂದ ಹೋಗಿ, ವರ್ಷವೆಲ್ಲ ಬರೀ ಪ್ರಬಂಧ ಬರೆದು ಬೇಸರಪಟ್ಟವರನ್ನು ನೋಡಿದ್ದೇನೆ. ಇದು ಆಗದಿರಬೇಕಾದರೆ ಯೂನಿವರ್ಸಿಟಿ ವೆಬ್‌ಸೈಟಿನಲ್ಲಿ ಕೋರ್ಸಿನ ಹೆಸರು, ಫೋಟೋ ಬಿಟ್ಟು ಎರಡು ಜಾಗ ಓದಿ. ಒಂದು, ಮಾಡ್ಯೂಲ್‌ಗಳ, ಅಂದರೆ ಪೇಪರ್‌ಗಳ ಪಟ್ಟಿ. ಎರಡು, ಅಸೆಸ್‌ಮೆಂಟ್, ಅಂದರೆ ಅಂಕ ಕೊಡುವುದು ಹೇಗೆ ಅನ್ನುವುದು. ಎಲ್ಲ ಕಡೆ ಎಸ್ಸೇ ಅಂತ ಇದ್ದರೆ ಅದು ವಿಚಾರದ ಓದು. ಪೋರ್ಟ್‌ಫೋಲಿಯೋ, ಪ್ರಾಜೆಕ್ಟ್ ಅಂತ ಇದ್ದರೆ ಕೈಕೆಲಸದ್ದು. ಹತ್ತು ನಿಮಿಷದ ಕೆಲಸ, ಒಂದು ವರ್ಷದ ಬೇಸರ ತಪ್ಪುತ್ತದೆ.

ಎರಡನೆಯದು: ನಿಮ್ಮ ಪ್ರಶ್ನೆ ಹುಡುಕಿಕೊಳ್ಳಿ

ಇದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಹೆಚ್ಚಿನವರು ಇದನ್ನೇ ಹಾರಿಸಿ ಮುಂದೆ ಹೋಗುತ್ತಾರೆ.

ಸಿದ್ದಾಪುರ ಕಡೆಯ ಒಬ್ಬ ಹುಡುಗಿ ತನ್ನ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಈ ಓದು ಯಾಕೆ ಬೇಕು ಅಂತ ಅರ್ಜಿಯ ಜೊತೆ ಬರೆದುಕೊಡುವ ಪತ್ರ, ತಂದು ತೋರಿಸಿದಳು. ಎರಡು ಪುಟ. ಚಿಕ್ಕಂದಿನಿಂದ ಮಾಧ್ಯಮದ ಮೇಲೆ ಪ್ರೀತಿ, ಇಂದಿನ ಜಗತ್ತು ಒಂದು ಹಳ್ಳಿಯಂತಾಗಿದೆ, ನಿಮ್ಮ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ, ಹೀಗೆ. ಅವಳ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತಿತ್ತು. ನಾವು ಅದನ್ನು ಓದುತ್ತಾ ಕೂತಿದ್ದಾಗ ಅವಳ ಮೊಬೈಲ್‌ಗೆ ಊರಿನ ವಾಟ್ಸ್‌ಆ್ಯಪ್ ಗ್ರೂಪಿನಿಂದ ಒಂದು ಮೆಸೇಜ್ ಬಂತು. ತೋಟದ ಕೆಳಗಿನ ಕೆರೆ ಹತ್ತಿರ ಆನೆ ಇವೆ, ಮರಿ ಇದೆ, ಕೆಲಸದವರನ್ನು ಆ ಕಡೆ ಬಿಡಬೇಡಿ. ಅವಳು ಓದಿ, ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಮೇಸ್ತ್ರಿಗೆ ಫೋನ್ ಮಾಡಿದರು. ಮೇಸ್ತ್ರಿ ತೋಟದ ಕೆಲಸದವರು ಇರುವ ಲೈನ್ ಮನೆ ಕಡೆ ಹೋಗಿ ಕೂಗಿ ಹೇಳಿರಬೇಕು.

ನಾನು ಕೇಳಿದೆ: ಲೈನ್ ಮನೆಯಲ್ಲಿ ಯಾರೆಲ್ಲ ಇದ್ದಾರೆ? ಯರವ ಬುಡಕಟ್ಟಿನವರು ಇದ್ದಾರೆ, ಅಸ್ಸಾಂ ಕಡೆಯಿಂದ ಬಂದವರು ಎರಡು ಸಂಸಾರ ಇದ್ದಾರೆ. ಆ ಗ್ರೂಪಿನಲ್ಲಿ ಅವರಲ್ಲಿ ಯಾರಾದರೂ ಇದ್ದಾರಾ? ಇಲ್ಲ. ಮೆಸೇಜ್ ಯಾವ ಭಾಷೆಯಲ್ಲಿ? ಕನ್ನಡದಲ್ಲಿ. ಬೆಳಿಗ್ಗೆ ಮೊದಲು ತೋಟಕ್ಕೆ ಇಳಿಯುವವರು ಯಾರು? ಅವರೇ.

ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಆ ಎರಡು ಪುಟ ಬದಿಗಿಟ್ಟು ಹೊಸದಾಗಿ ಬರೆಯಲು ಶುರು ಮಾಡಿದಳು. ಅಪಾಯ ಯಾರಿಗೆ ಜಾಸ್ತಿಯೋ ಅವರಿಗೇ ಎಚ್ಚರಿಕೆ ಕೊನೆಯಲ್ಲಿ ತಲುಪುತ್ತದೆ, ಅದೂ ಇನ್ನೊಬ್ಬರ ಬಾಯಿಂದ. ಯಾಕೆ ಹೀಗೆ, ಇದನ್ನು ಬದಲಿಸುವುದು ಹೇಗೆ? ಇದು ಅಸಲಿ ಕಮ್ಯುನಿಕೇಶನ್ ಪ್ರಶ್ನೆ. ಸಮಾಜಶಾಸ್ತ್ರಜ್ಞರಾದ ಎಲಿಹು ಕಾಟ್ಜ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ 1955ರಲ್ಲೇ ಹೇಳಿದ್ದರು: ರೇಡಿಯೋ, ಪತ್ರಿಕೆಯ ಮಾತು ನೇರವಾಗಿ ಎಲ್ಲರಿಗೂ ಇಳಿಯುವುದಿಲ್ಲ, ನಡುವೆ ಕೆಲವರು ಕೇಳಿಸಿಕೊಂಡು ಉಳಿದವರಿಗೆ ದಾಟಿಸುತ್ತಾರೆ. ಆ ನಡುವಿನವರೇ ನಮ್ಮ ಮೇಸ್ತ್ರಿ, ಅಲ್ವಾ? ಪುಸ್ತಕದ ಮಾತು ಹೀಗೆ ನಿಮ್ಮ ತೋಟದಲ್ಲಿ ಕಾಣಿಸಿದ ದಿನ ನಿಮಗೆ ಯಾವ ಕೋರ್ಸ್ ಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಇಂಥ ಪ್ರಶ್ನೆಗಳಿಗೆ ಕೊಡಗಿನಲ್ಲಿ ಬರ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಯಾವ ದಾರಿ ಬಂದ್, ಯಾರು ಯಾವ ಪರಿಹಾರ ಕೇಂದ್ರದಲ್ಲಿದ್ದಾರೆ ಅನ್ನುವುದು ನಮಗೆ ಹೇಗೆ ಗೊತ್ತಾಯಿತು, ಅದರಲ್ಲಿ ಎಷ್ಟು ನಿಜ ಎಷ್ಟು ಸುಳ್ಳು ಅಂತ ಯೋಚಿಸಿ. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ ತಕ್ಕ್ ಮತ್ತು ಅರೆಭಾಷೆಯ ಕಾರ್ಯಕ್ರಮ ಬರುತ್ತವೆ, ಈಗ ಅವನ್ನು ಯಾರು ಕೇಳುತ್ತಾರೆ? ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಸ್ಥಳೀಯ ದಿನಪತ್ರಿಕೆಯನ್ನು ಜನ ಇನ್ನೂ ಕೊಂಡು ಓದುತ್ತಾರೆ, ಯಾಕೆ? ಹೋಂಸ್ಟೇ ಜಾಹೀರಾತಿನ ಕೊಡಗಿಗೂ ನೀವು ಬದುಕುವ ಕೊಡಗಿಗೂ ಎಷ್ಟು ದೂರ? ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು, ಸಂತೆಯಲ್ಲಿ ಇನ್ನೊಂದು ಮಾತಾಡಿ ಬೆಳೆದವರು ನಾವು. ಈ ಓದಿನಲ್ಲಿ ಅದು ದೊಡ್ಡ ಬಂಡವಾಳ. ಅಪ್ಲಿಕೇಶನ್‌ನಲ್ಲಿ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಿ.

ಮೂರನೆಯದು: ಈಗ ದೇಶದ ಮಾತು

ಒಂದೊಂದು ಕಡೆ ಈ ವಿಷಯ ಒಂದೊಂದು ರೀತಿ ಬೆಳೆದಿದೆ.

ಬ್ರಿಟನ್‌ನಲ್ಲಿ ಇದು ಸಮಾಜಶಾಸ್ತ್ರ, ಸಂಸ್ಕೃತಿ ಅಧ್ಯಯನದ ಜೊತೆ ಬೆಳೆದದ್ದು. 1964ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಸಂಸ್ಕೃತಿ ಅಧ್ಯಯನ ಕೇಂದ್ರ, ಅಲ್ಲಿದ್ದ ಚಿಂತಕ ಸ್ಟುವರ್ಟ್ ಹಾಲ್ ಅವರ ಕೆಲಸ, ಇವುಗಳ ನೆರಳು ಇವತ್ತಿಗೂ ಬಹಳಷ್ಟು ಕೋರ್ಸ್‌ಗಳ ಮೇಲಿದೆ. ಲೀಡ್ಸ್, ಲೆಸ್ಟರ್, ಲಫ್‌ಬರೋ, ಲಂಡನ್‌ನ ಗೋಲ್ಡ್‌ಸ್ಮಿತ್ಸ್, ವೆಸ್ಟ್‌ಮಿನ್‌ಸ್ಟರ್, ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್), ಇವು ವಿಚಾರದ ಓದಿಗೆ ಹೆಸರಾದವು. ಪತ್ರಿಕೋದ್ಯಮ ಬೇಕಾದರೆ ಕಾರ್ಡಿಫ್ ನೋಡಿ. ಎಂಎ ಒಂದೇ ವರ್ಷ, ನಮ್ಮ ಮೂರು ವರ್ಷದ ಡಿಗ್ರಿ ಸಾಕು. ಆದರೆ ಆ ಒಂದು ವರ್ಷ ಹೇಗೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ ಎರಡು ವರ್ಷ. ಅಲ್ಲಿ ಕಮ್ಯುನಿಕೇಶನ್ ಅಂದರೆ ಭಾಷಣ ಕಲೆ, ಮನುಷ್ಯ ಮನುಷ್ಯರ ನಡುವಿನ ಮಾತುಕತೆ, ಮಾಧ್ಯಮದ ಪರಿಣಾಮ ಎಲ್ಲ ಸೇರಿದ ದೊಡ್ಡ ವಿಷಯ. ಒಂದು ಅನುಕೂಲ ಇದೆ, ಇದು ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿನ ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಡಿಗ್ರಿ ಮಕ್ಕಳು ಪಬ್ಲಿಕ್ ಸ್ಪೀಕಿಂಗ್ ಪೇಪರ್ ತೆಗೆದುಕೊಳ್ಳುತ್ತಾರೆ. ಅದನ್ನು ಪಾಠ ಮಾಡಲು ಕಮ್ಯುನಿಕೇಶನ್ ವಿಭಾಗಗಳು ಮಾಸ್ಟರ್ಸ್ ಮಕ್ಕಳನ್ನೇ ಟೀಚಿಂಗ್ ಅಸಿಸ್ಟೆಂಟ್ ಆಗಿ ತೆಗೆದುಕೊಳ್ಳುತ್ತವೆ. ಸಿಕ್ಕಿದರೆ ಫೀಸ್ ಮನ್ನಾ ಆಗುತ್ತದೆ, ಮೇಲೆ ತಿಂಗಳ ಖರ್ಚಿಗೂ ಹಣ ಸಿಗುತ್ತದೆ. ಹೆಸರಾಂತ ದೊಡ್ಡ ಯೂನಿವರ್ಸಿಟಿಗಿಂತ ಮಧ್ಯಮ ಗಾತ್ರದ ರಾಜ್ಯ ಯೂನಿವರ್ಸಿಟಿಗಳಲ್ಲಿ ಇದಕ್ಕೆ ಅವಕಾಶ ಜಾಸ್ತಿ. ಕೆಲವು ಕಡೆ ನಾಲ್ಕು ವರ್ಷದ ಡಿಗ್ರಿ ಕೇಳುತ್ತಾರೆ, ಹಾಗಾಗಿ ಅರ್ಜಿ ಫೀಸ್ ಕಟ್ಟುವ ಮೊದಲೇ ಇಮೇಲ್ ಮಾಡಿ ಕೇಳಿ. ನಮ್ಮಲ್ಲಿ 2021ರಲ್ಲಿ ಸೇರಿದವರಲ್ಲಿ ಕೆಲವರು ನಾಲ್ಕನೇ ವರ್ಷದ ಆನರ್ಸ್ ಮಾಡಿದ್ದಾರೆ, ಅವರಿಗೆ ಈ ತೊಂದರೆ ಇಲ್ಲ.

ಜರ್ಮನಿಯಲ್ಲಿ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಫೀಸ್ ಇಲ್ಲ, ಸೆಮಿಸ್ಟರ್‌ಗೆ ಸಣ್ಣ ಮೊತ್ತ ಕಟ್ಟಿದರೆ ಆಯಿತು. ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಾದರೆ ನಮ್ಮಂಥವರು ಸೆಮಿಸ್ಟರ್‌ಗೆ 1,500 ಯೂರೋ ಕೊಡಬೇಕು. ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸ್‌ಗಳು ಕಡಿಮೆ. ಇಲ್ಮೆನಾವ್, ಎರ್ಫುರ್ಟ್ ನೋಡಬಹುದು. ಬಾನ್‌ನಲ್ಲಿ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯ ಅಕಾಡೆಮಿ ನಡೆಸುವ ಇಂಟರ್‌ನ್ಯಾಷನಲ್ ಮೀಡಿಯಾ ಸ್ಟಡೀಸ್ ಇದೆ, ಅದಕ್ಕೆ ಮಾಧ್ಯಮದಲ್ಲಿ ಕೆಲಸ ಮಾಡಿದ ಅನುಭವ ಬೇಕು. ಜರ್ಮನಿಯ ಓದಿನಲ್ಲಿ ಅಂಕಿಅಂಶ ಜಾಸ್ತಿ, ಸರ್ವೇ, ಸ್ಟ್ಯಾಟಿಸ್ಟಿಕ್ಸ್ ಬೇಡ ಅನ್ನುವವರಿಗೆ ಕಷ್ಟ. ಪತ್ರಿಕೋದ್ಯಮದವರು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಜರ್ನಲಿಸಂ ಕೋರ್ಸನ್ನೂ ಮರೆಯಬೇಡಿ. ಮೊದಲ ವರ್ಷ ಡೆನ್ಮಾರ್ಕಿನ ಆರ್ಹುಸ್, ಎರಡನೇ ವರ್ಷ ಬೇರೆ ಯೂನಿವರ್ಸಿಟಿ. ಸ್ಕಾಲರ್‌ಶಿಪ್ ಸಿಕ್ಕಿದರೆ ಬಹಳ ಒಳ್ಳೆಯದು.

ಏಜೆಂಟರ ಬಗ್ಗೆ ಒಂದು ಮಾತು. ಫ್ರೀ ಅನ್ನುವ ಏಜೆನ್ಸಿಗೆ ಯೂನಿವರ್ಸಿಟಿಯಿಂದ ಕಮಿಷನ್ ಬರುತ್ತದೆ. ಅದು ಕದ್ದುಮುಚ್ಚಿ ನಡೆಯುವ ಕೆಲಸ ಅಲ್ಲ, ವ್ಯವಹಾರ. ಆದರೆ ಕಮಿಷನ್ ಕೊಡದ ಯೂನಿವರ್ಸಿಟಿಯ ಹೆಸರು ಅವರ ಬಾಯಲ್ಲಿ ಬರುವುದು ಕಡಿಮೆ. ಹಾಗಾಗಿ ಪಟ್ಟಿ ನೀವೇ ಮಾಡಿ, ಸಹಾಯ ಬೇಕಾದರೆ ಆಮೇಲೆ ತೆಗೆದುಕೊಳ್ಳಿ.

ನಾಲ್ಕನೆಯದು: ಕಾಗದಪತ್ರ, ಮುಖ್ಯವಾಗಿ ಹೆಸರು

ಟ್ರಾನ್ಸ್‌ಕ್ರಿಪ್ಟ್ ಅಂದರೆ ಎಲ್ಲ ಸೆಮಿಸ್ಟರ್ ಅಂಕಗಳನ್ನು ಸೇರಿಸಿ ವಿಶ್ವವಿದ್ಯಾಲಯ ಕೊಡುವ ಪತ್ರ. ಕೊಡಗು ವಿಶ್ವವಿದ್ಯಾಲಯ ಬರುವ ಮೊದಲು ನಮ್ಮ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು. ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾವ ಹೆಸರಿದೆಯೋ ಅಲ್ಲೇ ಕೇಳಬೇಕು. ಮಂಗಳೂರಿನದಾದರೆ ಅದರ ಕ್ಯಾಂಪಸ್ ಇರುವ ಮಂಗಳಗಂಗೋತ್ರಿಗೇ ಹೋಗಬೇಕು, ಕೊಡಗು ವಿಶ್ವವಿದ್ಯಾಲಯ ಇರುವ ಚಿಕ್ಕ ಅಳುವಾರದಲ್ಲಿ ಆಗುವುದಿಲ್ಲ. ಈ ಕೆಲಸ ಮಳೆ ಹಿಡಿಯುವ ಮೊದಲು, ಏಪ್ರಿಲ್ ಮೇ ಒಳಗೆ ಮುಗಿಸಿಕೊಳ್ಳಿ. ಜುಲೈಯಲ್ಲಿ ಸಂಪಾಜೆ ದಾರಿಯನ್ನು ನಂಬಿ ಕೂರುವ ಹಾಗಿಲ್ಲ. ಕನಿಷ್ಠ ಐದು ಮುಚ್ಚಿದ ಕವರ್ ಮಾಡಿಸಿ.

ಇನ್ನು ಹೆಸರು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಬರೀ ಇನಿಶಿಯಲ್ ಇರುತ್ತದೆ, ಆಧಾರ್‌ನಲ್ಲಿ ಮನೆ ಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಅದೇ ಸರ್‌ನೇಮ್ ಆಗಿ ಕೊನೆಗೆ, ಅಪ್ಪನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮನೆ ಹೆಸರೇ ಇಲ್ಲ. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ವೀಸಾ ಅಧಿಕಾರಿಗೆ ಮಾತ್ರ ಈ ಹೆಸರುಗಳೆಲ್ಲ ಒಬ್ಬರೇ ಮನುಷ್ಯರದ್ದು ಅಂತ ಕಾಗದದಲ್ಲೇ ಗೊತ್ತಾಗಬೇಕು. ಒಂದು ಹಾಳೆ ತೆಗೆದುಕೊಂಡು ನಿಮ್ಮ, ಅಪ್ಪನ, ಅಮ್ಮನ ಹೆಸರು ಯಾವ ದಾಖಲೆಯಲ್ಲಿ ಹೇಗಿದೆ ಅಂತ ಬರೆಯಿರಿ. ಸರಿ ಮಾಡಿಸಬಹುದಾದ್ದನ್ನು ಮಾಡಿಸಿ, ಉಳಿದದ್ದಕ್ಕೆ ಅಫಿಡವಿಟ್. ಜನನ ಪ್ರಮಾಣಪತ್ರ ಇಂಗ್ಲಿಷಿನಲ್ಲೂ ಇರಲಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ.

ಜರ್ಮನಿಗೆ ಹೋಗುವವರಿಗೆ ಎಪಿಎಸ್ ಸರ್ಟಿಫಿಕೇಟ್, ಅಂದರೆ ನಿಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಪತ್ರ, ಬೇಕು, 2022ರ ನವೆಂಬರ್‌ನಿಂದ ಭಾರತದವರಿಗೆ ಕಡ್ಡಾಯ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಐದನೆಯದು: ಇಂಗ್ಲಿಷ್ ಪರೀಕ್ಷೆ

ಐಇಎಲ್‌ಟಿಎಸ್ ಎಲ್ಲ ಕಡೆ ನಡೆಯುತ್ತದೆ, ಅಂಕ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಕಮ್ಯುನಿಕೇಶನ್ ಕೋರ್ಸ್‌ಗಳು ಬೇರೆಯವಕ್ಕಿಂತ ಸ್ವಲ್ಪ ಜಾಸ್ತಿ ಕೇಳುತ್ತವೆ. ಹೆಚ್ಚಿನ ಕಡೆ 6.5 ರಿಂದ 7, ಪತ್ರಿಕೋದ್ಯಮಕ್ಕೆ ಇನ್ನೂ ಮೇಲೆ. ಬರವಣಿಗೆಯಲ್ಲಿ ನಮ್ಮವರಿಗೆ ಅಂಕ ಹೋಗುತ್ತದೆ, ಮಾತಿನಲ್ಲಿ ಅಷ್ಟು ಹೋಗುವುದಿಲ್ಲ. ಅಭ್ಯಾಸವೂ ಅದಕ್ಕೆ ತಕ್ಕ ಹಾಗಿರಲಿ.

ಮನೆಯಲ್ಲೇ ಕೂತು ಬರೆಯುವ ಪರೀಕ್ಷೆಗಳೂ ಇವೆ, ಡುಯೋಲಿಂಗೋ, ಟೋಫೆಲ್ ಹೋಂ ಎಡಿಶನ್. ಯೂನಿವರ್ಸಿಟಿ ಒಪ್ಪುತ್ತದೆಯಾ ಅಂತ ನೋಡಿಕೊಳ್ಳಿ. ಒಪ್ಪಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಮನೆಯಿಂದ ಬರೆಯಬೇಡಿ. ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಹೋಯಿತು, ಜೊತೆಗೆ ನೆಟ್ ಹೋಯಿತು, ಪರೀಕ್ಷೆ ಅರ್ಧಕ್ಕೆ ನಿಂತಿತು. ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಎರಡು ದಿನ ಉಳಿದು ಬರೆಯಿರಿ.

ಆರನೆಯದು: ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಮತ್ತು ರೆಫರೆನ್ಸ್

ಎರಡನೇ ಹೆಜ್ಜೆ ಸರಿಯಾಗಿ ಮಾಡಿದ್ದರೆ ಇದು ಸುಲಭ. ಮೊದಲ ಪ್ಯಾರಾದಲ್ಲೇ ನಿಮ್ಮ ಪ್ರಶ್ನೆ ಬರಲಿ. ಅದು ಎಲ್ಲಿಂದ ಹುಟ್ಟಿತು ಅಂತ ನಾಲ್ಕು ಸಾಲು. ಇದುವರೆಗೆ ಅದಕ್ಕಾಗಿ ಏನು ಮಾಡಿದಿರಿ: ಕಾಲೇಜಿನ ಪ್ರಾಜೆಕ್ಟ್, ಪತ್ರಿಕೆಗೆ ಬರೆದದ್ದು, ರೇಡಿಯೋದಲ್ಲಿ ಓದಿದ್ದು, ಯಾವುದೂ ಚಿಕ್ಕದಲ್ಲ. ಆಮೇಲೆ ಈ ಕೋರ್ಸೇ ಯಾಕೆ. ಇಲ್ಲಿ ಎರಡು ಮಾಡ್ಯೂಲ್ ಹೆಸರು, ಅಲ್ಲಿ ಪಾಠ ಮಾಡುವ ಒಬ್ಬರ ಕೆಲಸ ಹೇಳಿ, ಅದೂ ನಿಜವಾಗಿ ಓದಿದ್ದರೆ ಮಾತ್ರ. ಬೇರೆಯವರದ್ದನ್ನು ಕಾಪಿ ಮಾಡಬೇಡಿ, ಎಐ ಹತ್ತಿರ ಬರೆಸಬೇಡಿ. ನೂರಾರು ಅರ್ಜಿ ಓದುವವರಿಗೆ ಅದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ನಿಮ್ಮ ಹತ್ತಿರ ಇರುವ ಒಂದೇ ಒಂದು ಬೇರೆ ಯಾರಲ್ಲೂ ಇಲ್ಲದ ವಸ್ತುವನ್ನು ಕೈಯಾರೆ ಬಿಟ್ಟ ಹಾಗಾಗುತ್ತದೆ.

ರೆಫರೆನ್ಸ್ ಪತ್ರಕ್ಕೆ ಲೆಕ್ಚರರ್‌ಗಳನ್ನು ಮೂರು ತಿಂಗಳು ಮೊದಲೇ ಕೇಳಿ. ನಮ್ಮ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಜಾಸ್ತಿ, ಮುಂದಿನ ವರ್ಷ ಅವರು ಬೇರೆ ಊರಲ್ಲಿರಬಹುದು. ಕಾಲೇಜಿನ ಇಮೇಲ್ ವಿಳಾಸ ಬೇಕು ಅಂತ ಹೆಚ್ಚಿನ ಯೂನಿವರ್ಸಿಟಿಗಳು ಹೇಳುತ್ತವೆ. ಅದಿಲ್ಲದಿದ್ದರೆ ಲೆಟರ್‌ಹೆಡ್‌ನಲ್ಲಿ ಬರೆಸಿ ಸಹಿ, ಸೀಲ್ ಹಾಕಿಸಿ, ಯೂನಿವರ್ಸಿಟಿಗೆ ಮೊದಲೇ ಇಮೇಲ್ ಮಾಡಿ ತಿಳಿಸಿ. ಸರ್ ಅಥವಾ ಮೇಡಂಗೆ ನೀವು ಅವರ ತರಗತಿಯಲ್ಲಿ ಮಾಡಿದ ಕೆಲಸ ಏನು ಅಂತ ಒಂದು ಪುಟ ಬರೆದು ಕೊಡಿ. ಇನ್ನೂರು ಮಕ್ಕಳ ನಡುವೆ ಅವರಿಗೆ ಎಲ್ಲ ನೆನಪಿರುವುದಿಲ್ಲ.

ಏಳನೆಯದು: ಹಣ

ಇಲ್ಲಿ ನಿಧಾನವಾಗಿ ಓದಿ, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬ್ರಿಟನ್‌ನಲ್ಲಿ ಈ ಕೋರ್ಸ್‌ಗಳ ಫೀಸ್ ಬಹಳ ಕಡೆ 20,000 ಪೌಂಡ್‌ಗಿಂತ ಮೇಲೆ, ಲಂಡನ್ನಿನ ದೊಡ್ಡ ಹೆಸರುಗಳಲ್ಲಿ ಇನ್ನೂ ಜಾಸ್ತಿ. ಊಟ, ಬಾಡಿಗೆ ಬೇರೆ. ಇದನ್ನು ತೋಟ ಅಡ ಇಟ್ಟು ತಂದುಬಿಡೋಣ ಅಂತ ನಮ್ಮ ಹಿರಿಯರು ಅಂದುಕೊಳ್ಳುತ್ತಾರೆ. ಆದರೆ ಬಹುತೇಕ ಬ್ಯಾಂಕ್‌ಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನ ತೆಗೆದುಕೊಳ್ಳುವುದಿಲ್ಲ. ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಮ್ಮಾ ಜಾಗವಾದರೆ ಇನ್ನೂ ಕಷ್ಟ. ಆರ್‌ಟಿಸಿಯಲ್ಲಿ ಪಟ್ಟೇದಾರರ ಹೆಸರು, ಜೊತೆಗೆ ಕುಟುಂಬದ ಹತ್ತಾರು ಹೆಸರು, ಅದರಲ್ಲಿ ತೀರಿಕೊಂಡವರೂ ಇರುತ್ತಾರೆ. ನಿಮ್ಮ ಅಪ್ಪನ ಪಾಲು ಎಷ್ಟು ಅಂತ ಕಾಗದದಲ್ಲಿ ಇರುವುದಿಲ್ಲ. ಊರಲ್ಲಿ ಮನೆ ನಿವೇಶನ, ಎಫ್‌ಡಿ, ಎಲ್‌ಐಸಿ ಪಾಲಿಸಿ ಇದ್ದರೆ ಬ್ಯಾಂಕ್ ಮಾತಾಡುತ್ತದೆ. ಸಾಮಾನ್ಯ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡ ಇಡಬೇಕಿಲ್ಲ, ಆದರೆ ಅದು ವಿದೇಶದ ಖರ್ಚಿಗೆ ಸಾಲುವುದಿಲ್ಲ. ವಿದ್ಯಾ ಲಕ್ಷ್ಮಿ ಪೋರ್ಟಲ್‌ನಲ್ಲಿ ಹಲವು ಬ್ಯಾಂಕ್‌ಗಳ ಯೋಜನೆಗಳನ್ನು ಒಟ್ಟಿಗೆ ನೋಡಬಹುದು.

ಎರಡನೇ ತೊಡಕು ಆದಾಯದ ದಾಖಲೆ. ಬೆಳೆದ ಕಾಫಿಯನ್ನು ಸಂಸ್ಕರಿಸದೆ ಚೆರಿಯಾಗಿಯೇ ಮಾರುವ ಬೆಳೆಗಾರರದ್ದು ಕೃಷಿ ಆದಾಯ, ಅದಕ್ಕೆ ತೆರಿಗೆ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಐಟಿ ರಿಟರ್ನ್ ಹಾಕಿರುವುದಿಲ್ಲ. ಬ್ಯಾಂಕಿಗೆ, ವೀಸಾಗೆ ಎರಡಕ್ಕೂ ಅಪ್ಪ ಇಷ್ಟು ಸಂಪಾದಿಸುತ್ತಾರೆ ಅಂತ ತೋರಿಸಬೇಕು. ಹೋಗಬೇಕು ಅಂತ ಮನಸ್ಸಿದ್ದರೆ ಎರಡು ವರ್ಷ ಮೊದಲಿಂದಲೇ ರಿಟರ್ನ್ ಹಾಕಿಸಿ, ಕೃಷಿ ಆದಾಯವನ್ನು ಅದರಲ್ಲಿ ತೋರಿಸಿ. ಕಾಫಿ, ಕರಿಮೆಣಸು ಮಾರಿದ ಬಿಲ್ ಇಟ್ಟುಕೊಳ್ಳಿ, ಹಣ ಕೈಗೆ ಬೇಡ, ಖಾತೆಗೇ ಬರಲಿ.

ಈಗ 28 ದಿನದ ನಿಯಮ. ಬ್ರಿಟನ್ ವೀಸಾಗೆ ಉಳಿದ ಫೀಸ್ ಮತ್ತು ಒಂಬತ್ತು ತಿಂಗಳವರೆಗಿನ ಖರ್ಚಿನ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು. ಒಂದು ದಿನ ಒಂದು ರೂಪಾಯಿ ಕಡಿಮೆಯಾದರೂ ಲೆಕ್ಕ ಮತ್ತೆ ಮೊದಲಿಂದ. ನನ್ನ ಸಲ ಹಣ ಅಪ್ಪನ ಖಾತೆಯಲ್ಲಿತ್ತು. ಇಪ್ಪತ್ತೊಂದನೇ ದಿನ ಶನಿವಾರ. ತೋಟದವರಿಗೆ ಬಟವಾಡೆ ಮಾಡಬೇಕು, ಅಪ್ಪ ಎಂದಿನ ಹಾಗೆ ಅದೇ ಖಾತೆಯಿಂದ ಹಣ ತೆಗೆದರು. ಅವರು ಮಾಡಿದ್ದು ಸರಿಯೇ, ಕೂಲಿ ಯಾರೂ ನಿಲ್ಲಿಸುವುದಿಲ್ಲ. ನಾನು ಮತ್ತೆ 28 ದಿನ ಕಾದೆ, ಕ್ಲಾಸ್ ಶುರುವಾಗಿ ಒಂದು ವಾರದ ಮೇಲೆ ಹೋಗಿ ಸೇರಿದೆ. ಆ ಮೊದಲ ವಾರದಲ್ಲಿ ಎಲ್ಲರೂ ಪರಿಚಯ ಮಾಡಿಕೊಂಡು ಮುಗಿಸಿದ್ದರು, ಅದರ ಬೇಸರ ಬಹಳ ದಿನ ಇತ್ತು. ಈ ಹಣಕ್ಕೆ ಬೇರೆಯೇ ಖಾತೆ ತೆರೆಯಿರಿ, ಎಟಿಎಂ ಕಾರ್ಡ್ ಬೀರುವಿನಲ್ಲಿಡಿ. ಇನ್ನೊಂದು ವಿಷಯ: ಖಾತೆ ನಿಮ್ಮದು ಅಥವಾ ಅಪ್ಪ ಅಮ್ಮನದ್ದು ಆಗಬೇಕು. ದೊಡ್ಡಪ್ಪ, ಮಾವ ಎಷ್ಟೇ ಪ್ರೀತಿಯಿಂದ ಕೊಟ್ಟರೂ ಅವರ ಖಾತೆ ತೋರಿಸುವಂತಿಲ್ಲ. ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಇದ್ದರೆ ಆ ಮೊತ್ತಕ್ಕೆ 28 ದಿನದ ಕಾಯುವಿಕೆ ಬೇಡ.

ರೋಬಸ್ಟಾ ಕುಯ್ಲು ಮುಗಿದು ಹಣ ಬರುವುದು ಮಾರ್ಚ್ ಏಪ್ರಿಲ್‌ಗೆ. ಯೂನಿವರ್ಸಿಟಿಗಳು ಡೆಪಾಸಿಟ್ ಕೇಳುವುದೂ ಹೆಚ್ಚು ಕಡಿಮೆ ಆಗಿನಿಂದಲೇ. ರೇಟ್ ಏರಲಿ ಅಂತ ಕಾಫಿ ಹಿಡಿದಿಡುವ ಮನೆಯಾದರೆ ಆ ವರ್ಷ ಎಷ್ಟು ಮಾರಬೇಕು ಅಂತ ಜನವರಿಯಲ್ಲೇ ಮಾತಾಡಿಕೊಳ್ಳಿ.

ಜರ್ಮನಿಗೆ ಬ್ಲಾಕ್ಡ್ ಅಕೌಂಟ್ ಬೇಕು, 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಅದು ಫೀಸ್ ಅಲ್ಲ, ನಿಮ್ಮದೇ ಹಣ, ಅಲ್ಲಿ ತಿಂಗಳು ತಿಂಗಳು ವಾಪಸ್ ಸಿಗುತ್ತದೆ.

ಸ್ಕಾಲರ್‌ಶಿಪ್‌ಗಳಲ್ಲಿ ಬ್ರಿಟನ್ ಸರ್ಕಾರದ ಚೆವನಿಂಗ್ ಪೂರ್ತಿ ಖರ್ಚು ಕೊಡುತ್ತದೆ. 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿ ಮುಗಿದ ಮೇಲೆ ನಮ್ಮ ದೇಶಕ್ಕೆ ವಾಪಸ್ ಬಂದು ಎರಡು ವರ್ಷ ಇರಬೇಕು. ಅರ್ಜಿ ಆಗಸ್ಟ್ ಹೊತ್ತಿಗೆ ತೆರೆಯುತ್ತದೆ, ಅಂದರೆ ಹೊರಡುವುದಕ್ಕೆ ಒಂದು ವರ್ಷ ಮೊದಲು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಯರವ, ಜೇನು ಕುರುಬ, ಕುಡಿಯ ಮಕ್ಕಳಲ್ಲಿ ಡಿಗ್ರಿ ಮುಗಿಸಿದವರು ನಿಮಗೆ ಗೊತ್ತಿದ್ದರೆ ದಯವಿಟ್ಟು ಈ ವಿಷಯ ಅವರಿಗೆ ಮುಟ್ಟಿಸಿ. ಅವರಿಗೆ ಇದನ್ನು ಹೇಳುವವರೇ ಇಲ್ಲ, ಅದು ನನಗೆ ಬಹಳ ಬೇಸರದ ವಿಷಯ. ಒಂದು ಎಚ್ಚರಿಕೆ: ಪರಿಶಿಷ್ಟ ಜಾತಿಯವರಿಗಾಗಿ ಇರುವ ಕೇಂದ್ರದ ಯೋಜನೆಗೆ 2022ರಲ್ಲಿ ಬಂದ ನಿಯಮದಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ವಿಷಯಗಳನ್ನು ಹೊರಗಿಟ್ಟಿದ್ದಾರೆ. ನಿಮ್ಮ ಪ್ರಶ್ನೆ ಊರಿನದಾದರೆ ಆಯಾ ವರ್ಷದ ಮಾರ್ಗಸೂಚಿ ಓದಿಯೇ ಅರ್ಜಿ ಬರೆಯಿರಿ.

ಓದಿದ ಮೇಲೆ ಅಲ್ಲೇ ಕೆಲಸ ಮಾಡಿ ಸಾಲ ತೀರಿಸುತ್ತೇನೆ ಅನ್ನುವ ಲೆಕ್ಕ ಹಾಕುವವರಿಗೆ ನೇರವಾಗಿ ಹೇಳುತ್ತೇನೆ. ಬ್ರಿಟನ್‌ನಲ್ಲಿ ಓದಿನ ನಂತರ ಎರಡು ವರ್ಷ ಉಳಿಯಲು ಬಿಡುತ್ತಿದ್ದರು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಆಮೇಲೆ ಉಳಿಯಬೇಕಾದರೆ ಸ್ಕಿಲ್ಡ್ ವರ್ಕರ್ ವೀಸಾ, ಅದರ ಸಾಮಾನ್ಯ ಸಂಬಳದ ಮಿತಿ 2025ರ ಜುಲೈಯಿಂದ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ ರಿಯಾಯಿತಿ ಇದೆ, ಆದರೂ ನಮ್ಮ ಕ್ಷೇತ್ರದಲ್ಲಿ ಮೊದಲ ಕೆಲಸಕ್ಕೆ ಅಷ್ಟು ಸಿಗುವುದು ಸುಲಭ ಅಲ್ಲ. ಅಮೆರಿಕದಲ್ಲಿ ಓಪಿಟಿ, ಅಂದರೆ ಓದಿನ ನಂತರ ಅಲ್ಲಿ ಕೆಲಸ ಮಾಡಲು ಸಿಗುವ ಅನುಮತಿ, 12 ತಿಂಗಳು. ಇಂಜಿನಿಯರಿಂಗ್‌ನವರಿಗೆ ಸಿಗುವ ಇನ್ನೂ 24 ತಿಂಗಳು ಸಾಮಾನ್ಯ ಕಮ್ಯುನಿಕೇಶನ್ ಡಿಗ್ರಿಗೆ ಇಲ್ಲ. ಡಿಜಿಟಲ್ ಕಮ್ಯುನಿಕೇಶನ್ ಅಂತ ಬೇರೆ ಕೋಡ್‌ನಲ್ಲಿ ನಡೆಯುವ ಕೆಲವು ಕೋರ್ಸ್‌ಗಳಿಗೆ ಸಿಗುತ್ತದೆ, ಅರ್ಜಿಗೆ ಮೊದಲು ಕೇಳಿಕೊಳ್ಳಿ. ಊರಿಗೆ ವಾಪಸ್ ಬಂದು ಸಿಗುವ ಸಂಬಳದಲ್ಲಿ ಸಾಲದ ಕಂತು ಕಟ್ಟಲು ಆಗುತ್ತದಾ ಅಂತ ಲೆಕ್ಕ ಹಾಕಿ. ಆಗುವುದಿಲ್ಲ ಅಂತಾದರೆ ಎರಡು ವರ್ಷ ಕೆಲಸ ಮಾಡಿ ಚೆವನಿಂಗ್, ಎರಾಸ್ಮಸ್ ಪ್ರಯತ್ನ ಮಾಡಿ. ಓದು ಎಲ್ಲಿಗೂ ಓಡಿಹೋಗುವುದಿಲ್ಲ.

ಎಂಟನೆಯದು: ವೀಸಾ

ಆಫರ್ ಒಪ್ಪಿ ಡೆಪಾಸಿಟ್ ಕಟ್ಟಿದ ಮೇಲೆ ಬ್ರಿಟನ್ ಯೂನಿವರ್ಸಿಟಿ ಕ್ಯಾಸ್ ನಂಬರ್ ಕೊಡುತ್ತದೆ, ಅಮೆರಿಕದ್ದಾದರೆ ಐ-20 ಪತ್ರ; ಸೀಟು ಸಿಕ್ಕಿದೆ ಅಂತ ವೀಸಾಗೆ ತೋರಿಸಲು ಇವು ಬೇಕು. ಬ್ರಿಟನ್‌ಗೆ ಟಿಬಿ ಪರೀಕ್ಷೆಯ ಸರ್ಟಿಫಿಕೇಟ್ ಬೇಕು, ಅವರು ಗುರುತಿಸಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ಒಂದು ವರ್ಷದ ಕೋರ್ಸಿಗೆ ಸಾಮಾನ್ಯವಾಗಿ ಒಂದೂವರೆ ವರ್ಷದ್ದು ಕಟ್ಟಿಸಿಕೊಳ್ಳುತ್ತಾರೆ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಅಮೆರಿಕದ ಸಂದರ್ಶನಕ್ಕೆ ಚೆನ್ನೈ ಅಥವಾ ಹೈದರಾಬಾದ್.

ಇದೆಲ್ಲ ಬೀಳುವುದು ಸರಿಯಾಗಿ ಜೂನ್, ಜುಲೈ, ಆಗಸ್ಟ್‌ನಲ್ಲಿ. ನಮಗೆ ರೈಲು ಇಲ್ಲ. ಅಪಾಯಿಂಟ್‌ಮೆಂಟ್ ದಿನ ಬೆಳಗಿನ ಜಾವ ಮಡಿಕೇರಿಯಿಂದ ಬಸ್ ಹತ್ತಬೇಡಿ, ಹಿಂದಿನ ದಿನವೇ ಇಳಿದು ಉಳಿಯಿರಿ. ಮೂಲ ದಾಖಲೆಗಳನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿಡಿ. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಮಾರ್ಕ್ಸ್ ಕಾರ್ಡಿಗೂ ಬೂಷ್ಟು ಹಿಡಿಯುತ್ತದೆ, ಎಲ್ಲವನ್ನೂ ಬೇಸಿಗೆಯಲ್ಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಹೊರಡುವ ಮೊದಲು

ಬಟ್ಟೆ, ಮಸಾಲೆ ಪುಡಿಯ ಪಟ್ಟಿ ಮನೆಯವರು ಮಾಡುತ್ತಾರೆ. ನೀವು ಮಾಡಬೇಕಾದ್ದು ಬೇರೆ ಇದೆ.

ಬ್ರಿಟನ್‌ನಲ್ಲಿ ಮೇ ಹೊತ್ತಿಗೆ ಕ್ಲಾಸ್ ಮುಗಿದು ಡಿಸರ್ಟೇಶನ್, ಅಂದರೆ ಕೊನೆಯ ಸಂಶೋಧನಾ ಪ್ರಬಂಧ, ಶುರುವಾಗುತ್ತದೆ, ಆಗಸ್ಟ್ ಸೆಪ್ಟೆಂಬರ್‌ಗೆ ಒಪ್ಪಿಸಬೇಕು, ಹತ್ತು ಹದಿನೈದು ಸಾವಿರ ಪದ. ಆಗ ಊರಿನ ವಿಷಯ ಬರೆಯುತ್ತೇನೆ ಅಂತ ಹೊರಟರೆ ಸಾಮಗ್ರಿ ಕೈಯಲ್ಲಿ ಇರುವುದಿಲ್ಲ, ಊರಿಗೆ ಬಂದು ಹೋಗಲು ಹಣ ಇರುವುದಿಲ್ಲ. ಜನರನ್ನು ಮಾತಾಡಿಸುವ ಮೊದಲು ಯೂನಿವರ್ಸಿಟಿಯ ಎಥಿಕ್ಸ್ ಒಪ್ಪಿಗೆ ಬೇಕು, ಹಾಗಾಗಿ ಸಂದರ್ಶನ ಈಗ ಮಾಡುವಂತಿಲ್ಲ. ಆದರೆ ದಾರಿ ಮಾಡಿಟ್ಟುಕೊಳ್ಳಬಹುದು. ಪತ್ರಿಕಾ ಕಚೇರಿಗೆ ಹೋಗಿ ಹಳೆಯ ಸಂಚಿಕೆ ನೋಡಲು ಆಗುತ್ತದಾ ಕೇಳಿ. ಪಂಚಾಯಿತಿ ಬೋರ್ಡಿನ ಮೇಲೆ ಅಂಟಿಸಿದ ಎಚ್ಚರಿಕೆಗಳ ಫೋಟೋ ತೆಗೆಯಿರಿ, ತಾರೀಕು ಬರೆದಿಡಿ. ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್‌ಗೆ ವಿಷಯ ಹೇಳಿಡಿ, ಮುಂದೆ ಒಪ್ಪಿಗೆ ಕೇಳಲು ಬರುತ್ತೇನೆ ಅಂತ.

ಸಿದ್ದಾಪುರದ ಆ ಹುಡುಗಿ ಹೊರಡುವ ಹಿಂದಿನ ವಾರ ಮೇಸ್ತ್ರಿಯ ಜೊತೆ ಬೆಳಿಗ್ಗೆ ಲೈನ್ ಮನೆಗೆ ಹೋಗಿದ್ದಳು. ಏನೂ ರೆಕಾರ್ಡ್ ಮಾಡಲಿಲ್ಲ, ಬರೆದುಕೊಳ್ಳಲೂ ಇಲ್ಲ. ಮುಂದಿನ ಜೂನ್‌ನಲ್ಲಿ ಫೋನ್ ಮಾಡುತ್ತೇನೆ, ಮಾತಾಡುತ್ತೀರಾ ಅಂತ ಕೇಳಿದಳು. ಅಲ್ಲಿದ್ದ ಒಬ್ಬ ಹೆಂಗಸು ಆನೆ ಬಂದಾಗ ನಾಯಿ ಹೇಗೆ ಬೊಗಳುತ್ತದೆ, ಬೇರೆಯವರು ಬಂದಾಗ ಹೇಗೆ ಅಂತ ಕೇಳದೆಯೇ ಹೇಳಿದರಂತೆ. ಮೆಸೇಜ್ ಬರುವ ಎಷ್ಟೋ ಹೊತ್ತಿಗೆ ಮೊದಲೇ ಲೈನ್ ಮನೆಯವರಿಗೆ ಗೊತ್ತಾಗಿರುತ್ತದೆ, ಅದನ್ನು ಗ್ರೂಪಿಗೆ ಹಾಕುವವರು ಯಾರೂ ಇಲ್ಲ. ಅವಳ ಪ್ರಶ್ನೆ ಅಲ್ಲೇ ತಿರುಗಿತು. ಅದನ್ನೇ ಹಿಡಿದುಕೊಂಡು ಈಗ ಓದುತ್ತಿದ್ದಾಳೆ.